ದಿನನಿತ್ಯದ ನಡಿಗೆಯಲ್ಲಿ ಕಾಗೆ, ಪಾರಿವಾಳ ಬಿಟ್ಟು ಬೇರೆ ಹಕ್ಕಿಗಳನ್ನು ನೋಡುವುದು ಹೇಗೆ?

ಪ್ರತಿದಿನ ಬೆಳಿಗ್ಗೆ ಬಡಾವಣೆಯಲ್ಲಿ ಅರ್ಧ ಗಂಟೆ ನಡೆದರೂ ಕಾಗೆ, ಪಾರಿವಾಳಗಳ ಹೊರತು ಏನೂ ಕಾಣುವುದಿಲ್ಲ, ಕ್ಯಾಮೆರಾ ಕೊಳ್ಳಬೇಕೇ ಅಥವಾ ರಂಗನತಿಟ್ಟಿನಂತಹ ಪಕ್ಷಿಧಾಮಕ್ಕೇ ಹೋಗಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡವೆಂಬುದು ನನ್ನ ಅಭಿಪ್ರಾಯ. ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಸಮೀಪದಲ್ಲಿ ವಾಸವಾಗಿದ್ದು, ಹಲವು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತಿದ್ದೇನೆ. ನಿಮ್ಮ ಕಣ್ಣಿಗೆ ಈಗಾಗಲೇ ಬೀಳುತ್ತಿರುವ ಕಾಗೆಯಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ.

ಮೊದಲನೆಯದಾಗಿ, ನೀವು ನೋಡುತ್ತಿರುವುದು ಒಂದೇ ಬಗೆಯ ಕಾಗೆಯಾಗಿರಲಾರದು. ಕುತ್ತಿಗೆ ಬೂದು ಬಣ್ಣವಿರುವುದು ಊರುಕಾಗೆ. ಮೈಯೆಲ್ಲ ಕಪ್ಪಾಗಿ, ಕೊಕ್ಕು ದಪ್ಪವಾಗಿ, ಧ್ವನಿ ತುಸು ಗಡುಸಾಗಿರುವುದು ಕಾಡುಕಾಗೆ. ಪಾರಿವಾಳವೆಂದು ನೀವು ಲೆಕ್ಕಕ್ಕೆ ತೆಗೆದುಕೊಂಡವುಗಳಲ್ಲಿಯೂ ಕತ್ತಿನ ಹಿಂದೆ ಕಪ್ಪು ಪಟ್ಟಿ, ಅದರ ಮೇಲೆ ಬಿಳಿಯ ಚುಕ್ಕೆಗಳಿರುವ ಬೆಳವ ಸೇರಿರುವ ಸಾಧ್ಯತೆ ಸಾಕಷ್ಟಿದೆ.

ಎರಡನೆಯದಾಗಿ, ಬಡಾವಣೆಯಲ್ಲಿ ಕಾಗೆಗಿಂತ ಒಳ್ಳೆಯ ಸುದ್ದಿಗಾರ ಇಲ್ಲ. ಐದಾರು ಕಾಗೆಗಳು ಒಂದೇ ಮರದ ಸುತ್ತ ಗದ್ದಲವೆಬ್ಬಿಸುತ್ತಿದ್ದರೆ ಅಲ್ಲಿ ಬೆಕ್ಕೋ, ಹಾವೋ, ಹಗಲಲ್ಲಿ ಅಡಗಿ ಕುಳಿತ ಗೂಬೆಯೋ, ಶಿಕ್ರವೆಂಬ ಸಣ್ಣ ಗಿಡುಗವೋ ಇರುವ ಸಂಭವವೇ ಹೆಚ್ಚು. ದೂರದಲ್ಲಿ ನಿಂತು ಅವು ಯಾವ ಕಡೆಗೆ ಮುಖ ಮಾಡಿವೆ ಎಂಬುದನ್ನು ಗಮನಿಸಿದರೆ ಕಾರಣ ತಾನಾಗಿ ಕಾಣುತ್ತದೆ. ಅಳಿಲು ಬಾಲ ಕುಣಿಸುತ್ತ ಬಿಡುವಿಲ್ಲದೆ ಕಿಚಗುಟ್ಟುವುದು, ಪಿಕಳಾರಗಳು ಒಮ್ಮೆಗೇ ಪೊದೆಯೊಳಗೆ ನುಗ್ಗುವುದು ಕೂಡ ಇಂತಹ ಸೂಚನೆಗಳೇ. ಬೇಸಿಗೆಯಿಂದ ಮಳೆಗಾಲದವರೆಗೆ ಕಾಗೆಗಳು ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಊರೊಳಗೇ ಸಿಗುತ್ತದೆ. ಕೆಂಪು ಕಣ್ಣಿನ ಕಪ್ಪು ಗಂಡು ಕೂಗುವುದನ್ನು ಎಲ್ಲರೂ ಕೇಳಿರುತ್ತಾರೆ. ಕಂದು ಮೈಯ ತುಂಬ ಬಿಳಿ ಚುಕ್ಕೆಗಳಿರುವ ಹೆಣ್ಣೂ ಕೋಗಿಲೆಯೇ ಎಂದು ಹೇಳಿದರೆ ಹಲವರು ನಂಬುವುದಿಲ್ಲ. ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಹಾರಲು ಕಲಿತ ಕೋಗಿಲೆಮರಿ ಕೊಂಬೆಯ ಮೇಲೆ ಕುಳಿತು ಬಾಯಿ ತೆರೆದು ಅರಚುತ್ತಿರುವಾಗ ಕಾಗೆ ಅದಕ್ಕೆ ತುತ್ತು ಕೊಡುವುದನ್ನು ನೋಡಬೇಕಾದರೆ ಯಾವ ಅಭಯಾರಣ್ಯಕ್ಕೂ ಟಿಕೆಟ್ ತೆಗೆಸಬೇಕಾಗಿಲ್ಲ.

ಆಮೇಲಿನ ಕೆಲಸ ಕಿವಿಯದು. ಎಲೆಗಳ ನಡುವೆ ಇರುವ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಮೊದಲು ಕೇಳಿಸುತ್ತವೆ, ಕಾಣುವುದು ನಂತರ. ಉದಾಹರಣೆಗೆ ಕಂಚುಕುಟಿಗವನ್ನು ತೆಗೆದುಕೊಳ್ಳಿ. ಚಳಿ ಇಳಿಯುವ ಹೊತ್ತಿಗೆ ಪಾತ್ರೆ ಬಡಿದಂತೆ ಒಂದೇ ಸಮನೆ ‘ಟುಕ್, ಟುಕ್, ಟುಕ್’ ಎಂಬ ಸದ್ದು ನಿಮ್ಮ ಬೀದಿಯಲ್ಲಿಯೂ ಕೇಳಿಸುತ್ತದೆ. ಆದರೆ ಹಕ್ಕಿ ಕೂಗುತ್ತಲೇ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ಸದ್ದಿನ ದಿಕ್ಕು ತಪ್ಪುತ್ತದೆ. ಹುಡುಕಬೇಕಾದದ್ದು ಎತ್ತರದ ಮರದ ತುದಿಯ ಬೋಳು ಕೊಂಬೆಗಳಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದಾದ, ಹಸಿರು ಮೈಯ, ಕೆಂಪು ಹಣೆಯ, ಹಳದಿ ಗಂಟಲಿನ ಈ ಹಕ್ಕಿ ಕೊಕ್ಕು ಮುಚ್ಚಿಕೊಂಡೇ ಕೂಗುತ್ತದೆ. ಪ್ರತಿ ‘ಟುಕ್’ಗೂ ಗಂಟಲು ಉಬ್ಬಿ ಇಳಿಯುವುದು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದು ಗೂಡು ಕೊರೆಯುವುದು ಒಣಗಿದ ಕೊಂಬೆಯಲ್ಲಿ, ಹೆಚ್ಚಾಗಿ ಓರೆಯಾದ ಕೊಂಬೆಯ ಕೆಳಮಗ್ಗುಲಲ್ಲಿ. ಮಳೆಗಾಲಕ್ಕೆ ಮುನ್ನ ಒಣಕೊಂಬೆಗಳನ್ನೆಲ್ಲ ಕಡಿಸಿಬಿಡುವ ನಮ್ಮ ಉತ್ಸಾಹಕ್ಕೆ ಇಂತಹ ಮನೆಗಳೂ ಬಲಿಯಾಗುತ್ತವೆ. ಯಾರ ತಲೆಯ ಮೇಲೂ ಬೀಳುವ ಭಯವಿಲ್ಲದ ಕೊಂಬೆಯನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಅತ್ತಿ, ಅರಳಿ, ಆಲ ಹಣ್ಣು ಬಿಟ್ಟಾಗ ಆ ಮರದ ಕೆಳಗೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಕಂಚುಕುಟಿಗ, ಕೋಗಿಲೆ, ಗೊರವಂಕ, ಪಿಕಳಾರ ಎಲ್ಲವೂ ಒಂದೇ ಪಂಕ್ತಿಗೆ ಬರುತ್ತವೆ.

ದಾರಿಯನ್ನು ಬದಲಿಸಬೇಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಾರಿ ಒಂದೇ ಆಗಿದ್ದಾಗ ಋತುವಿನ ಬದಲಾವಣೆ ಎದ್ದು ಕಾಣುತ್ತದೆ. ಚಳಿಗಾಲವಿಡೀ ಹೆಚ್ಚು ಸದ್ದು ಮಾಡದಿದ್ದ ಮಡಿವಾಳ ಹಕ್ಕಿ ಮಾರ್ಚ್ ಹೊತ್ತಿಗೆ ನಸುಕಿನಲ್ಲಿಯೇ ತಂತಿಯ ಮೇಲೆ ಕುಳಿತು ಹಾಡತೊಡಗುತ್ತದೆ. ಬಾಲ ಕುಣಿಸುತ್ತ ನೆಲದ ಮೇಲೆ ಓಡಾಡುವ ಸಿಪಿಲೆಗಳಲ್ಲಿ ಕಪ್ಪು ಬಿಳುಪಿನ ದೊಡ್ಡ ಸಿಪಿಲೆ ವರ್ಷವಿಡೀ ನಮ್ಮಲ್ಲಿಯೇ ಇರುತ್ತದೆ. ಹಳದಿ ಹೊಟ್ಟೆಯ ಬೂದು ಸಿಪಿಲೆಯಾದರೋ ಹಿಮಾಲಯ ಮತ್ತು ಅದರಾಚೆಯಿಂದ ಸೆಪ್ಟೆಂಬರ್ ವೇಳೆಗೆ ಬಂದು ಏಪ್ರಿಲ್ ಹೊತ್ತಿಗೆ ಮರಳುತ್ತದೆ. ಇದು ಗೊತ್ತಾಗಬೇಕಾದರೆ ಆಗಸ್ಟಿನಲ್ಲಿ, ಅದು ಬಂದು ಓಡಾಡುವ ಚರಂಡಿಯ ಅಂಚು ಖಾಲಿಯಿದ್ದದ್ದನ್ನು ನೀವು ನೋಡಿರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್‌ಗಳು) ಗೂಡು ಕಟ್ಟುತ್ತವೆ. ಅವುಗಳ ಕಡೆಗೆ ಉದ್ದದ ಲೆನ್ಸ್ ಹಿಡಿದು ನಿಂತವರ ಬೆನ್ನ ಹಿಂದಿನ ಪೊದೆಯಲ್ಲಿಯೇ ಸಿಂಪಿಗ ಎಲೆಗಳನ್ನು ಹೊಲಿದು ಗೂಡು ಮಾಡುತ್ತಿರುತ್ತದೆ. ಕ್ಯಾಮೆರಾ ಸದ್ಯಕ್ಕೆ ಬೇಡವೆಂದದ್ದು ಈ ಕಾರಣಕ್ಕೆ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ 8x42 ಅಳತೆಯ, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲವಿರುವ ದುರ್ಬೀನು ಕೊಳ್ಳಿ. ಇನ್ನೂ ಹೆಚ್ಚು ದೊಡ್ಡದಾಗಿ ತೋರಿಸುವ ದುರ್ಬೀನುಗಳಲ್ಲಿ ಕೈ ಅಲುಗಿದರೆ ಹಕ್ಕಿಯೂ ಅಲುಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ರೂಪಿಸಿರುವ ಮರ್ಲಿನ್ ಎಂಬ ಉಚಿತ ಆ್ಯಪ್ ಕೂಗನ್ನು ಕೇಳಿ ಹೆಸರು ಸೂಚಿಸುತ್ತದೆ. ಅದು ಉಪಯುಕ್ತವೇ, ಆದರೆ ಹಕ್ಕಿಯನ್ನು ಕಣ್ಣಾರೆ ನೋಡದೆ ಅದರ ಮಾತನ್ನು ಒಪ್ಪಬೇಡಿ, ಏಕೆಂದರೆ ಕಾಜಾಣವು ಶಿಕ್ರದ ಕೂಗನ್ನು ಚೆನ್ನಾಗಿಯೇ ಅನುಕರಿಸುತ್ತದೆ. ನೋಡಿದ್ದನ್ನು ದಿನಾಂಕ, ಸ್ಥಳದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ಪ್ರಯೋಗಾಲಯದ ಈಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಸಂಶೋಧಕರಿಗೂ ಒದಗುತ್ತದೆ. ಅಲ್ಲಿ ಕಾಗೆ, ಪಾರಿವಾಳಗಳನ್ನೂ ಎಣಿಸಿ ದಾಖಲಿಸಬೇಕು.

ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಅಭ್ಯಾಸವನ್ನು ಮಾತ್ರ ಆರಂಭದಿಂದಲೇ ದೂರವಿಡಿ. ಗೂಡು ಕಟ್ಟುವ ಕಾಲದಲ್ಲಿ ಗಂಡುಹಕ್ಕಿ ಇನ್ನೊಂದು ಗಂಡು ನುಗ್ಗಿತೆಂದು ಭಾವಿಸಿ, ಮೊಟ್ಟೆ ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಡು ಕಂಡರೆ ಅದರ ಮುಂದಿನ ಎಲೆ ಸರಿಸದೆ, ಹೆಚ್ಚು ಹೊತ್ತು ನಿಲ್ಲದೆ ಮುಂದೆ ಸಾಗಿ. ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ಕಾಗೆಗಳೂ ನೋಡುತ್ತಿರುತ್ತವೆ.