ಮನೆಯ ಮೋಲ್ಡಿಗೆ ಬಂಗಾಳದ ಕೆಲಸಗಾರರನ್ನು ಒಪ್ಪಬಹುದೇ, ಏನನ್ನು ಗಮನಿಸಬೇಕು?

ಮದ್ದೂರಿನ ಹತ್ತಿರದ ಹಳೆಯ ಹೆಂಚಿನ ಮನೆಯನ್ನು ಇಳಿಸಿ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟು) ಛಾವಣಿ ಹಾಕಿಸಲು, ಅಂದರೆ ಮೋಲ್ಡ್ ಮಾಡಿಸಲು, ಹೊರಟಿದ್ದೀರಿ, ಗುತ್ತಿಗೆದಾರರು ಬಂಗಾಳದ ತಂಡವನ್ನು ತರುತ್ತೇನೆ ಎನ್ನುತ್ತಿದ್ದಾರೆ, ನಿಮ್ಮ ಸೋದರಮಾವನವರು ನಮ್ಮ ಕಡೆಯವರೇ ಆಗಬೇಕೆಂದು ಪಟ್ಟು ಹಿಡಿದಿದ್ದಾರೆ. ಇದನ್ನು ಓದುತ್ತಿದ್ದಂತೆ 2020ರ ಮಾರ್ಚ್ ತಿಂಗಳಿನ ನನ್ನ ಅರೆಬರೆ ಮನೆಯೇ ಕಣ್ಣ ಮುಂದೆ ಬಂದು ನಿಂತಿತು. ಆದ್ದರಿಂದ ಯಾರನ್ನು ಕರೆದರೆ ಏನು ಲಾಭ, ಏನು ನಷ್ಟ ಎಂಬ ಲೆಕ್ಕಕ್ಕಿಂತ ಮೊದಲು ನನಗಾದದ್ದನ್ನು ಹೇಳುತ್ತೇನೆ.

ನಮ್ಮದು ಮೈಸೂರಿನ ಬೋಗಾದಿ ಕಡೆ ಹನ್ನೆರಡು ಚದರದ ಮನೆ. ಕೆಲಸ ಒಪ್ಪಿಸಿದ್ದು ನಮ್ಮ ತಾಲ್ಲೂಕಿನವರೇ ಆದ ಒಬ್ಬ ಮೇಸ್ತ್ರಿಗೆ. ಭಾಷೆ ಗೊತ್ತು, ಊರು ಗೊತ್ತು, ಮದುವೆ ಮುಂಜಿಗಳಲ್ಲಿ ಮುಖ ನೋಡಿದವರು ಎಂಬ ಧೈರ್ಯ ನನಗಿತ್ತು. ಅವರು ಕಾಂಕ್ರೀಟಿಗೆ ಆಸರೆಯಾಗಿ ಹಲಗೆ ಕಂಬ ಕೊಡುವ ಸೆಂಟ್ರಿಂಗ್‌ಗೂ ಕಂಬಿ ಕಟ್ಟುವುದಕ್ಕೂ ಕರೆತಂದ ಆರು ಮಂದಿ ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯವರು. ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಅಲ್ಲಿಯೇ ಇದ್ದರು. ಅಕ್ಕಪಕ್ಕದವರು ‘ಹೊರಗಿನವರು, ಒಂದು ಕಣ್ಣಿಟ್ಟಿರಿ’ ಎಂದದ್ದಕ್ಕೆ ನಾನು ಪ್ರತಿ ಸಂಜೆ ಸಿಮೆಂಟ್ ಮೂಟೆಗಳನ್ನು ಎಣಿಸಿ ಹೋಗುತ್ತಿದ್ದೆ. ಮೂರು ತಿಂಗಳಲ್ಲಿ ಒಂದು ಮೂಟೆಯೂ ಕಡಿಮೆಯಾಗಲಿಲ್ಲ. ಆ ಮೂರು ತಿಂಗಳಲ್ಲಿ ನಾನು ಅವರಲ್ಲಿ ಒಬ್ಬರ ಹೆಸರನ್ನೂ ಕೇಳಲಿಲ್ಲ.

ಮಾರ್ಚ್ 12ರಂದು ಮೋಲ್ಡ್ ಇಟ್ಟುಕೊಂಡೆವು. ಮಿಕ್ಸರ್ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದದ್ದಾಯಿತು. ಬಾಂಡ್ಲಿ ಹೊರಲು ಬೇರೆ ಹದಿನೈದು ಆಳುಗಳು ಬಂದಿದ್ದರು. ನೆಂಟರೆಲ್ಲ ಶಾಮಿಯಾನದಡಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಕಂಬಿ ಕಟ್ಟುವವರಲ್ಲಿ ಎಲ್ಲರಿಗಿಂತ ಚಿಕ್ಕವನಾದ, ಇಪ್ಪತ್ತೂ ತುಂಬದಂತಿದ್ದ ಒಬ್ಬ ಹುಡುಗ ಕೆಳಗಿಳಿದು ಬಂದು ನನ್ನೆದುರು ನಿಂತು, ‘ಸಾರ್, ಉಧರ್ ಚೇರ್ ನಹೀ ಹೈ’, ಅಲ್ಲಿ ಚೇರ್ ಇಲ್ಲ, ಎಂದ. ನನ್ನ ಹಿಂದಿ ಹೈಸ್ಕೂಲಿನ ಮೂರನೆಯ ಭಾಷೆಯಷ್ಟೇ. ಅಷ್ಟು ಕೆಲಸದ ನಡುವೆ ಈ ಹುಡುಗನಿಗೆ ಕೂರಲು ಕುರ್ಚಿ ಬೇಕಂತೆ ಎಂದುಕೊಂಡೆ. ‘ಮೇಸ್ತ್ರಿ ಕೋ ಬೋಲೋ’ ಎಂದೆ. ಅವನು ಹೋಗಿ ಹತ್ತು ನಿಮಿಷಕ್ಕೆ ಮತ್ತೆ ಬಂದು, ಮುಂದಿನ ಬಾಲ್ಕನಿಯ ಕಡೆ ಕೈ ತೋರಿಸಿ ಅದೇ ಮಾತನ್ನು ಹೇಳಿದ. ನೆಂಟರ ಮುಂದೆ ನನಗೆ ಸಿಟ್ಟು ಬಂದು, ಹೋಗು ಎಂದು ಕೈ ಆಡಿಸಿದೆ. ಅವನು ಹೋದ. ಸಂಜೆ ಐದಕ್ಕೆ ಮೋಲ್ಡ್ ಮುಗಿಯಿತು, ಎಲ್ಲರೂ ಊಟ ಮಾಡಿದರು.

ಆ ಕೈ ಆಡಿಸಿದ್ದೇ ನನ್ನ ತಪ್ಪು. ಅದು ಎಂಥ ತಪ್ಪೆಂದು ಅರ್ಥವಾಗಬೇಕಾದರೆ ಚೇರ್ ಎಂದರೇನು ಎಂಬುದು ನಿಮಗೆ ತಿಳಿಯಬೇಕು. ನನಗೆ ಆಗ ತಿಳಿದಿರಲಿಲ್ಲ. ಎರಡು ಗೋಡೆಗಳ ನಡುವೆ ಕುಳಿತಿರುವ ಕೋಣೆಯ ಛಾವಣಿ ಭಾರಕ್ಕೆ ಬಾಗಲು ನೋಡಿದಾಗ ಅದರ ತಳಭಾಗ ಎಳೆಯಲ್ಪಡುತ್ತದೆ. ಕಾಂಕ್ರೀಟು ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಅಷ್ಟಾಗಿ ತಡೆಯಲಾರದು. ಆ ಎಳೆತ ಹೊರುವುದಕ್ಕೇ ಮುಖ್ಯ ಕಂಬಿಗಳನ್ನು ತಳದಲ್ಲಿ ಹಾಕುವುದು. ಗೋಡೆಯಿಂದ ಹೊರಕ್ಕೆ ಚಾಚಿ, ಇನ್ನೊಂದು ತುದಿಗೆ ಆಸರೆಯಿಲ್ಲದ ಬಾಲ್ಕನಿ ಮತ್ತು ಸಜ್ಜಾಗಳಲ್ಲಿ ಇದು ತಲೆಕೆಳಗು: ಅಲ್ಲಿ ಎಳೆಯಲ್ಪಡುವುದು ಮೇಲ್ಭಾಗ, ಹಾಗಾಗಿ ಮುಖ್ಯ ಕಂಬಿಗಳು ಮೇಲೇ ಇರಬೇಕು. ಹಲಗೆಯಿಂದ ನಾಲ್ಕು ಇಂಚು ಮೇಲಿರಬೇಕಾದ ಈ ಕಂಬಿ ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ, ಅದಕ್ಕೆ ಕಂಬಿಯ ತುಂಡನ್ನೇ ಕಾಲುಗಳಿರುವ ಮಣೆಯ ಹಾಗೆ ಬಗ್ಗಿಸಿ ಕೆಳಗಿಡುತ್ತಾರೆ. ಅದೇ ಚೇರ್. ಅದಿಲ್ಲದಿದ್ದರೆ ಬಾಂಡ್ಲಿ ಹೊತ್ತವರು ಮೇಲೆ ಓಡಾಡಿದಂತೆಲ್ಲ ಮೇಲಿನ ಕಂಬಿ ತುಳಿತಕ್ಕೆ ಸಿಕ್ಕಿ ತಳಕ್ಕೆ ಕುಸಿಯುತ್ತದೆ. ಮೇಲೆ ಕಾಂಕ್ರೀಟು ಮುಚ್ಚಿಬಿಟ್ಟರೆ ಹೊರಗಿನಿಂದ ನೋಡಿದ ಯಾರಿಗೂ ಗೊತ್ತಾಗುವುದಿಲ್ಲ. ಆ ಹುಡುಗ ಎರಡು ಸಲ ಬಂದು ಹೇಳಿದ್ದು ಇದನ್ನೇ.

ಮೇಸ್ತ್ರಿ ಯುಗಾದಿಗೆಂದು ಮಾರ್ಚ್ 21ಕ್ಕೆ ಊರಿಗೆ ಹೋದರು. ಆ ವರ್ಷದ ಯುಗಾದಿಯ ದಿನವೇ, ಅಂದರೆ 25ರಂದೇ, ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ನಂಜನಗೂಡಿನ ಪ್ರಕರಣಗಳಿಂದ ಮೈಸೂರು ಕೆಂಪು ವಲಯಕ್ಕೆ ಸೇರಿತು. ಮೇಸ್ತ್ರಿಯ ಫೋನು ಮೊದಲು ಬ್ಯುಸಿ ಬರುತ್ತಿತ್ತು, ಆಮೇಲೆ ಆಫ್ ಆಯಿತು. ಆರು ಮಂದಿ ನನ್ನ ಸೈಟಿನ ಶೆಡ್ಡಿನಲ್ಲಿ ಉಳಿದರು. ನಾಲ್ಕನೆಯ ದಿನ ಅಕ್ಕಿ ಬೇಳೆ ತೆಗೆದುಕೊಂಡು ಹೋದಾಗಲೇ ನನಗೆ ಗೊತ್ತಾದದ್ದು, ನಾನು ಅಲ್ಲಿಯವರೆಗೆ ಮೇಸ್ತ್ರಿಗೆ ಕೊಟ್ಟಿದ್ದ 2,10,000 ರೂಪಾಯಿ ಕೂಲಿಯಲ್ಲಿ ಇವರಿಗೆ 74,000 ಬಾಕಿ ಇದೆ ಎಂಬುದು. ಕೂಲಿ ಬಂದಿರಲಿಲ್ಲ, ಹೇಳುವವರೂ ಕೇಳುವವರೂ ಇರಲಿಲ್ಲ. ಆದರೂ ಆ ಸುಡುಬಿಸಿಲಿನಲ್ಲಿ ಛಾವಣಿಯ ಮೇಲೆ ಗಾರೆಯ ಬದು ಕಟ್ಟಿ, ನೀರು ನಿಲ್ಲಿಸಿ, ಇಪ್ಪತ್ತೆಂಟು ದಿನ ಒಣಗಲು ಬಿಡದೆ ಕ್ಯೂರಿಂಗ್ ಮಾಡಿದರು. ಇಂದಿಗೂ ನಮ್ಮ ಕೋಣೆಗಳ ಮೇಲೆ ಒಂದು ಹನಿ ಸೋರುವುದಿಲ್ಲ.

ಏಪ್ರಿಲ್ಲಿನ ಒಂದು ಸಂಜೆ, ಹಿಂದಿ ಚೆನ್ನಾಗಿ ಬರುವ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಆ ಹುಡುಗ ಕಟ್ಟುವ ತಂತಿಯ ತುಂಡೊಂದನ್ನು ಎತ್ತಿಕೊಂಡು, ಕೊಕ್ಕೆಯಿಂದ ನಾಲ್ಕು ಕಡೆ ಬಗ್ಗಿಸಿ, ಮರಳಿನ ಮೇಲೆ ನಿಲ್ಲಿಸಿದ. ಅದರ ಮೇಲೆ ಒಂದು ಕಡ್ಡಿಯನ್ನು ಅಡ್ಡ ಇಟ್ಟು, ಬೆರಳಿನಿಂದ ಒತ್ತಿ ತೋರಿಸಿದ, ಕಡ್ಡಿ ಅಲುಗಲಿಲ್ಲ. ತಂತಿಯನ್ನು ತೆಗೆದು ಮತ್ತೆ ಒತ್ತಿದ. ಕಡ್ಡಿ ಮರಳಿಗೆ ಅಂಟಿಕೊಂಡಿತು. ‘ಅವತ್ತು ಇದನ್ನೇ ಹೇಳಿದ್ದಂತೆ ಅಪ್ಪ’ ಎಂದಳು ಮಗಳು. ಚೇರ್‌ಗಾಗಿ ಉಳಿಸಿಟ್ಟಿದ್ದ ತುಂಡು ಕಂಬಿಗಳನ್ನು ಮೇಸ್ತ್ರಿ ಮೋಲ್ಡಿನ ಹಿಂದಿನ ಸಂಜೆಯೇ ಬೇರೆ ಸೈಟಿಗೆ ಸಾಗಿಸಿದ್ದರಂತೆ, ಇದ್ದದ್ದರಲ್ಲೇ ಮುಗಿಸಿ ಎಂದಿದ್ದರಂತೆ. ಬಾಲ್ಕನಿಯ ಕೆಳಗೆ ಆಸರೆಗೆ ಕೊಟ್ಟಿದ್ದ ಕಂಬಗಳನ್ನು ಮಾತ್ರ ಯಾರು ಹೇಳಿದರೂ ತೆಗೆಸಬೇಡಿ ಎಂದು ಅವನು ಮಗಳ ಕೈಯಲ್ಲಿ ಎರಡು ಸಲ ಹೇಳಿಸಿದ. ಆ ಸಂಜೆಯೇ ಅವರ ಪಾದಗಳನ್ನೂ ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ತಿನ್ನುತ್ತದೆ. ಬರಿಗಾಲಲ್ಲಿ ಮೋಲ್ಡಿನ ಮೇಲೆ ನಿಂತಿದ್ದವರ ಬೆರಳ ಸಂದಿಗಳಲ್ಲಿ ತಿಂಗಳಾದರೂ ಮಾಯದ ಗುಳಿಗಳಿದ್ದವು.

ಎಂಜಿನಿಯರ್ ಬಂದು ಯಂತ್ರವಿಟ್ಟು ಕಂಬಿಯ ಜಾಗ ಹುಡುಕಿದಾಗ ಹುಡುಗನ ಮಾತು ನಿಜವಾಯಿತು. ಐದು ಇಂಚು ದಪ್ಪದ ಬಾಲ್ಕನಿಯಲ್ಲಿ ಮೇಲ್ಮೈಯಿಂದ ಮುಕ್ಕಾಲು ಇಂಚಿನಷ್ಟೇ ಕೆಳಗೆ ಇರಬೇಕಾದ ಕಂಬಿ ಮೂರೂವರೆ ಇಂಚು ಕೆಳಗಿತ್ತು. ಒಡೆಯದೆ ಬೇರೆ ದಾರಿ ಇರಲಿಲ್ಲ. ಅಂಥ ಕಂಬಿಗಳು ಕೋಣೆಯ ಛಾವಣಿಯೊಳಕ್ಕೂ ಸಾಕಷ್ಟು ದೂರ ಚಾಚಿ ಹಿಡಿತ ಪಡೆಯಬೇಕಾದ್ದರಿಂದ ಬಾಲ್ಕನಿಯ ಜೊತೆಗೆ ಮುಂದಿನ ಕೋಣೆಯ ಐದು ಅಡಿ ಛಾವಣಿಯನ್ನೂ ಬಿಡಿಸಿ ಹೊಸದಾಗಿ ಹಾಕಿಸಿದೆವು. ಒಟ್ಟು 1,70,000 ರೂಪಾಯಿ ಮತ್ತು ಎರಡು ತಿಂಗಳು ಹೋದವು. ಹಳೆಯ ಕಾಂಕ್ರೀಟಿಗೂ ಹೊಸದಕ್ಕೂ ಬೆಸೆದ ಜಾಗದಲ್ಲಿ ಆಷಾಢದ ಸೋನೆ ಹಿಡಿದಾಗ ಇಂದಿಗೂ ಒಂದು ತೇವದ ಗೆರೆ ಮೂಡುತ್ತದೆ. ಆದರೆ ಆ ಕಂಬಗಳನ್ನು ತೆಗೆಸಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ಎಣಿಸಿದಾಗ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಪ್ರತಿದಿನ ಬೆಳಿಗ್ಗೆ ಎಳೆಬಿಸಿಲಿಗೆಂದು ಅಲ್ಲಿ ಕೂರುವವರು ನನ್ನ ತಾಯಿ.

ಬಾಕಿ 74,000ವನ್ನು ಎರಡು ಕಂತಿನಲ್ಲಿ ನಾನೇ ಕೊಟ್ಟೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬ ಮಾತು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿಯೇ ಇತ್ತು. ಅದರ ವಿಷಯಗಳು ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿವೆ. ಸ್ವಂತಕ್ಕೆ ಒಂದು ಮನೆ ಕಟ್ಟಿಸುವವನು ಆ ಅರ್ಥದ ಮಾಲೀಕನೇ ಅಲ್ಲ ಎಂದು ವಕೀಲರು ವಾದಿಸಬಹುದು. ನನಗೆ ಆ ವಾದ ಬೇಕಿರಲಿಲ್ಲ; ಅವರು ಕಟ್ಟಿದ ಸೂರಿನಡಿ ಮಲಗುವವನು ನಾನು. ಜೂನ್ ಮೊದಲ ವಾರ ಸೇವಾ ಸಿಂಧು ಪೋರ್ಟಲಿನಲ್ಲಿ ಮಗಳು ಹೆಸರು ನೋಂದಾಯಿಸಿದ ಮೇಲೆ ಅವರು ವಲಸೆ ಕಾರ್ಮಿಕರಿಗೆಂದು ಬಿಟ್ಟಿದ್ದ ಶ್ರಮಿಕ್ ರೈಲಿನಲ್ಲಿ ಊರಿಗೆ ಹೋದರು.

ಈಗ ನಿಮ್ಮ ಪ್ರಶ್ನೆ. ಬಂಗಾಳದವರೋ ನಮ್ಮವರೋ ಎಂದು ಕೇಳಿದ್ದೀರಿ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಹಣ ತಿಂದವರು ನಮ್ಮ ಕಡೆಯವರು, ನನ್ನ ಛಾವಣಿ ಉಳಿಸಿದವರು ಮಾಲ್ದಾದವರು ಎಂದು ಹೇಳಿದರೆ ಅದೂ ಒಂದು ಮನೆಯ ಕಥೆಯಷ್ಟೇ, ಬೇರೊಬ್ಬರಿಗೆ ಇದಕ್ಕೆ ತದ್ವಿರುದ್ಧವಾಗಿ ಆಗಿರಬಹುದು. ನಿಮ್ಮ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೊರಗಿನ ತಂಡಗಳು ಬರುತ್ತವೆ. ಆಗ ಸೋದರಮಾವನವರು ಊರು ಕೇಳುವುದಿಲ್ಲ, ಬುಡಕ್ಕೆ ಸರಿಯಾಗಿ ಕಡಿಯುತ್ತಾರೋ ಇಲ್ಲವೋ ಎಂದು ಗದ್ದೆಯಲ್ಲಿ ನಿಂತು ನೋಡುತ್ತಾರೆ. ಛಾವಣಿಯ ಕೆಲಸಕ್ಕೂ ಬೇಕಾದದ್ದು ಅದೇ. ಕೆಲಸ ಕೆಡುವುದು ಹೆಚ್ಚಾಗಿ ಅವಸರದಿಂದ, ಅವಸರ ಹುಟ್ಟುವುದು ಚದರದ ಲೆಕ್ಕದಲ್ಲಿ ಮಾತಾಡಿಕೊಂಡ ಹಣ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಸವೆಯುವುದರಿಂದ. ಗಟ್ಟಿ ಕಲಸು ಹರಡಲು ಕಷ್ಟವೆಂದು ಮಿಕ್ಸರಿಗೆ ಇನ್ನೊಂದು ಬಕೆಟ್ ನೀರು ಸುರಿಯುವ ಕೈ ಯಾವ ರಾಜ್ಯದ್ದೂ ಆಗಿರಬಹುದು.

ಹೊರಗಿನ ತಂಡದಲ್ಲಿ ನಿಜವಾದ ತೊಡಕುಗಳು ಎರಡೇ. ಒಂದು ಭಾಷೆ. ಮೋಲ್ಡಿನ ದಿನ ಅವರ ಮಾತು ಬಲ್ಲ ಒಬ್ಬರು, ನಿಮ್ಮ ಮನೆಯವರೇ ಆದರೂ ಸರಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಛಾವಣಿಯ ಮೇಲಿರಲಿ. ಏನಾದರೂ ತಪ್ಪು ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಿ ನನಗೆ ಹೇಳಬಹುದು ಎಂದು ಶುರುವಿನಲ್ಲಿಯೇ ಎಲ್ಲರ ಮುಂದೆ ಹೇಳಿಸಿ. ಇನ್ನೊಂದು, ಆರು ತಿಂಗಳ ಮೇಲೆ ಸೋರಿದರೆ ಕರೆಯಲು ಅವರು ಊರಲ್ಲಿರುವುದಿಲ್ಲ. ಅದಕ್ಕೆ ಪರಿಹಾರ ಗುತ್ತಿಗೆದಾರರ ಹಣದಲ್ಲಿ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದು, ಅದನ್ನು ಮೊದಲೇ ಕಾಗದದಲ್ಲಿ ಬರೆಸುವುದು. ಕೂಲಿಯನ್ನು ಮಾತ್ರ ಎಂದೂ ಹಿಡಿಯಬೇಡಿ. ಶನಿವಾರದ ಬಟವಾಡೆ ನಿಮ್ಮ ಕಣ್ಣೆದುರು ನಡೆಯಲಿ, ಪ್ರತಿಯೊಬ್ಬರ ಹೆಸರು, ದಿನ, ಹಣ ಒಂದು ಪುಸ್ತಕದಲ್ಲಿ ಬರೆದು ಸಹಿ ಆಗಲಿ. ಆಧಾರ್ ಪ್ರತಿ ತೆಗೆದುಕೊಳ್ಳಿ, ಮೂಲವನ್ನು ಯಾರೂ ಇಟ್ಟುಕೊಳ್ಳದಂತೆ ನೋಡಿಕೊಳ್ಳಿ. ಅಗ್ಗಕ್ಕೆ ಸಿಗುತ್ತಾರೆ ಎಂಬ ಒಂದೇ ಕಾರಣಕ್ಕೆ ಗುತ್ತಿಗೆದಾರರು ಅವರನ್ನು ತರುತ್ತಿದ್ದರೆ ಆ ಗುತ್ತಿಗೆದಾರರನ್ನೇ ಬಿಡಿ ಎನ್ನುತ್ತೇನೆ.

ಗಂಬೂಟು, ಕೈಗವಸುಗಳನ್ನು ನೀವೇ ತಂದುಕೊಡಿ. ಮನೆಯ ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಕಂಬಿ ಮೇಲೇರಿಸುವ ಮೊದಲೇ ಸೆಸ್ಕ್‌ನವರಿಗೆ ತಿಳಿಸಿ ಸಂಪರ್ಕ ತೆಗೆಸಿ; ನಲವತ್ತು ಅಡಿಯ ಕಂಬಿ ತಿರುಗಿಸುವಾಗ ಅದರ ಇನ್ನೊಂದು ತುದಿ ಎಲ್ಲಿದೆ ಎಂದು ಹಿಡಿದವರಿಗೆ ಕಾಣುವುದಿಲ್ಲ. ಕಂಬಗಳನ್ನು ತೆಗೆಯುವ ವಿಷಯದಲ್ಲಿ ಯಾರ ಅವಸರಕ್ಕೂ ಮಣಿಯಬೇಡಿ. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕೆಲಸದಲ್ಲಿ ನಾಲ್ಕೂವರೆ ಮೀಟರಿನವರೆಗಿನ ಛಾವಣಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, ತೊಲೆಗಳ ಕೆಳಗೆ ಉದ್ದ ನೋಡಿಕೊಂಡು 14ರಿಂದ 21 ದಿನ ಕಂಬಗಳು ಇರಬೇಕು. ಈಗ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು ನಿಧಾನವಾಗಿ ಬಲಿಯುವುದರಿಂದ ಇನ್ನೂ ಕಾಯುವುದೇ ಮೇಲು. ಬಾಲ್ಕನಿಯ ಕಂಬಗಳು ಕೊನೆಯಲ್ಲಿ ಹೋಗಲಿ, ಅದೂ ಹೊರತುದಿಯಿಂದ ಗೋಡೆಯ ಕಡೆಗೆ.

ಎಲ್ಲಕ್ಕಿಂತ ಮುಖ್ಯವಾಗಿ, ಮೋಲ್ಡಿನ ಹಿಂದಿನ ದಿನ ಎಂಜಿನಿಯರ್ ಬಂದು ಕಂಬಿ ನೋಡಿ ಸಹಿ ಹಾಕದ ಹೊರತು ಮಿಕ್ಸರ್ ತರಿಸಬೇಡಿ. ಓಡಾಡಲು ಕಂಬಿಯ ಮೇಲೆ ಹಲಗೆ ಹಾಸಿಸಿ. ನಿಮ್ಮ ಪ್ಲಾನಿನಲ್ಲಿ ಬಾಲ್ಕನಿ ಅಥವಾ ದೊಡ್ಡ ಸಜ್ಜಾ ಇದ್ದರೆ, ಅಂದು ಸಂಜೆ ಬೆಳಕಿರುವಾಗಲೇ ಪಕ್ಕದಿಂದ ನಾಲ್ಕು ಫೋಟೋ ತೆಗೆದು ಈ ಉತ್ತರದ ಕೆಳಗೆ ಹಾಕಿ. ನಾನು ಎಂಜಿನಿಯರ್ ಅಲ್ಲ, ಆದರೆ ಮೇಲಿನ ಕಂಬಿಯ ಕೆಳಗೆ ಚೇರ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ನೋಡಿದ ಕೂಡಲೇ ಹೇಳಬಲ್ಲೆ.