ಬೇಲಿಗೂ ಮುಂಚೆ ಏನಿತ್ತು?

ಪ್ರಶ್ನೆ: ಮೇಷ್ಟ್ರೇ, ಮಗಳು ಬಿ.ಎ. ಓದುತ್ತಿದ್ದಾಳೆ. ಯಾರೋ ಒಬ್ಬ ಜಮೀನಿಗೆ ಬೇಲಿ ಹಾಕಿದ್ದರಿಂದಲೇ ಮೇಲು-ಕೀಳು ಹುಟ್ಟಿತು ಅಂತ ತತ್ವಜ್ಞಾನಿ ರೂಸೋ ಹೇಳಿದ್ದಾನಂತೆ. ನಮ್ಮ ಚಾಳಿನಲ್ಲಿ ಎಲ್ಲರದೂ ಒಂದೇ ಅಳತೆಯ ಖೋಲಿ, ಯಾರಿಗೂ ಜಮೀನಿಲ್ಲ. ಆದರೂ ಮೇಲು-ಕೀಳಿಗೆ ಏನೂ ಕಮ್ಮಿಯಿಲ್ಲವಲ್ಲ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ ಅಕ್ಕಾ. ಮನುಷ್ಯರ ನಡುವೆ ಅಸಮಾನತೆ ಎಲ್ಲಿಂದ ಬಂತು ಅಂತ 1753ರಲ್ಲಿ ಫ್ರಾನ್ಸಿನ ದಿಜೋನ್ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತ್ತು. ರೂಸೋ ಬರೆದ, ಬಹುಮಾನ ಬರಲಿಲ್ಲ. 1755ರಲ್ಲಿ ಅದು ಪುಸ್ತಕವಾಯಿತು. ಬೇಲಿಯ ಮಾತಿನಿಂದಲೇ ಅದರ ಎರಡನೇ ಭಾಗ ಶುರುವಾಗುತ್ತದೆ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ. ‘ಇದು ನನ್ನದು’ ಅಂದವನ ಜೊತೆಗೆ, ಆ ಮಾತು ನಂಬಿದ ಮುಗ್ಧರೂ ಆ ವಾಕ್ಯದಲ್ಲಿದ್ದಾರೆ. ಅವರನ್ನು ಯಾರೂ ನೆನೆಯುವುದಿಲ್ಲ.

ಆದರೆ ರೂಸೋನ ಕಥೆಯಲ್ಲಿ ಬೇಲಿಗೂ ಮುಂಚೆ ಇನ್ನೊಂದು ನಡೆದಿರುತ್ತದೆ. ಜನ ಗುಡಿಸಲ ಮುಂದೆ, ದೊಡ್ಡ ಮರದ ಸುತ್ತ ಸೇರಿ ಹಾಡಿ ಕುಣಿಯುತ್ತಾರೆ. ಚೆನ್ನಾಗಿ ಹಾಡುವವನ ಮೇಲೆ, ನೋಡಲು ಚೆಂದ ಇರುವವನ ಮೇಲೆ ಎಲ್ಲರ ಕಣ್ಣು. ತನ್ನನ್ನೂ ನೋಡಲಿ ಅಂತ ಪ್ರತಿಯೊಬ್ಬನಿಗೂ ಆಸೆ. ಅಸಮಾನತೆಯ ಮೊದಲ ಹೆಜ್ಜೆ ಅದೇ ಅಂತಾನೆ. ನಮ್ಮ ಮುಂಬಯಿಯ ಕನ್ನಡ ಕಾರ್ಯಕ್ರಮ ನೋಡಿ. ಟಿಕೆಟ್ ಇಲ್ಲ, ಊಟ ಎಲ್ಲರಿಗೂ ಒಂದೇ. ಮೊದಲ ಸಾಲಿಗೆ ಮಾತ್ರ ಬಿಳಿ ಬಟ್ಟೆ ಹೊದಿಸಿದ ಸೋಫಾ, ಎದುರಿಗೆ ಟೀಪಾಯಿ, ಬಾಟಲಿ ನೀರು. ನನಗೂ ಒಮ್ಮೆ ಶಾಲು ಹೊದಿಸಿ ಅಲ್ಲಿ ಕೂರಿಸಿದ್ದರು. ಸುಮ್ನೆ ಯಾಕೆ ಹೇಳಲಿ, ಎದ್ದು ಬರಲು ಮನಸ್ಸೇ ಆಗಲಿಲ್ಲ.

ಆದರೆ ರೂಸೋನ ಈ ಕಥೆಯನ್ನು ನಿಜವಾಗಿ ನಡೆದ ಇತಿಹಾಸ ಅಂತ ಓದಬಾರದು. ಸತ್ಯಾಂಶ ಬದಿಗಿಟ್ಟು ಶುರುಮಾಡೋಣ ಅಂತ ರೂಸೋನೇ ಹೇಳಿಬಿಟ್ಟಿದ್ದಾನೆ. ಇನ್ನು ನಮ್ಮಲ್ಲಿ ಹಾಡಬೇಕಾಗಿಯೂ ಇಲ್ಲ, ಹುಟ್ಟಿದರೆ ಸಾಕು, ಜಾತಿ ಗೊತ್ತಾದರೆ ಮುಗೀತು. ಅದಕ್ಕೆ ರೂಸೋ ಸಾಲುವುದಿಲ್ಲ, ಜಾತಿಯ ವಿರುದ್ಧ ಹೋರಾಡಿದ ಪುಣೆಯ ಜೋತಿಬಾ ಫುಲೆ ಬೇಕು. ಗೆದ್ದು ಬಂದವರು ಧರ್ಮಗ್ರಂಥ ಬರೆದುಕೊಂಡು ಸೋತವರನ್ನು ಕೆಳಗಿಟ್ಟರು ಅಂತ ಅವರು 1873ರ ‘ಗುಲಾಮಗಿರಿ’ಯಲ್ಲಿ ವಾದಿಸಿದರು. ಅದಕ್ಕೂ ಮುಂಚೆ, 1868ರಲ್ಲಿ, ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ಬಿಟ್ಟುಕೊಟ್ಟಿದ್ದರು. ನಿಮ್ಮ ಚಾಳಿನ ನಲ್ಲಿ ಹತ್ತಿರ ಯಾರ ಕೊಡ ಮೊದಲು ಅನ್ನುವುದೂ ಇದೇ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಮಗಳಿಗೆ ಹೇಳಿ, ಪರೀಕ್ಷೆಯಲ್ಲಿ ಬೇಲಿಯೊಂದನ್ನೇ ಬರೆದು ಬರಬೇಡ ಅಂತ. ಅಸಮಾನತೆ ಬೆಳೆಯಲು ಕಬ್ಬಿಣ ಮತ್ತು ಬೇಸಾಯವೂ ಕಾರಣ ಅಂತ ರೂಸೋ ಬರೆದದ್ದೂ ಇರಲಿ.