ನೆನೆಸದ ಅಕ್ಕಿಯೂ ಸಾವಿರ ಚಿತ್ರಗಳೂ

ಮನೆಯ ದಿನಚರಿಯನ್ನು ಹಗುರ ಮಾಡಿಕೊಳ್ಳುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ ಪಿಂಟರೆಸ್ಟ್‌ನ ಹೆಸರನ್ನು ಒಂದೇ ಒಂದು ಸಲ ಎತ್ತಿದ್ದೆ. ಅದರ ಬಗ್ಗೆಯೇ ಹೆಚ್ಚು ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ತಾಣದಲ್ಲಿ ನಮಗೆ ಹಿಡಿಸಿದ ಚಿತ್ರವನ್ನು ‘ಪಿನ್’ ಎಂದು ಉಳಿಸಿಕೊಳ್ಳಬಹುದು ಮತ್ತು ಒಂದೊಂದು ವಿಷಯದ ಪಿನ್‌ಗಳನ್ನು ಒಂದೊಂದು ‘ಬೋರ್ಡ್’ನಲ್ಲಿ ಜೋಡಿಸಿಡಬಹುದು. ವಾರಪತ್ರಿಕೆಯ ಅಡುಗೆ ಪುಟವನ್ನೂ ರಂಗೋಲಿಯನ್ನೂ ಕತ್ತರಿಸಿ, ಮೈದಾ ಅಂಟು ಹಚ್ಚಿ ಹಳೆಯ ನೋಟ್‌ಪುಸ್ತಕಕ್ಕೆ ಅಂಟಿಸಿಡುತ್ತಿದ್ದ ನಮ್ಮ ಅಮ್ಮಂದಿರಿಗೆ ಇದರಲ್ಲಿ ಹೊಸತೇನೂ ಕಾಣಿಸುತ್ತಿರಲಿಲ್ಲವೇನೋ.

ಪ್ರಶ್ನೆ: ನಮ್ಮ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿದ್ದು, ನಾನು ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದೇನೆ. ಪತಿ ಪ್ರತಿದಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತಾರೆ. ಎರಡನೆಯ ಮತ್ತು ಐದನೆಯ ತರಗತಿಯಲ್ಲಿ ಓದುವ ಇಬ್ಬರು ಮಕ್ಕಳಿದ್ದಾರೆ. ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಎರಡು ವರ್ಷಗಳಿಂದ ತಿಂಡಿ, ಬುತ್ತಿ, ಪಲ್ಯ ಎಂದು ಸಾವಿರಕ್ಕೂ ಹೆಚ್ಚು ಪಿನ್‌ಗಳನ್ನು ಕೂಡಿಟ್ಟಿದ್ದೇನೆ. ಆದರೂ ರಾತ್ರಿ ಹತ್ತು ಗಂಟೆಗೆ ಅತ್ತೆಯವರು “ನಾಳೆ ತಿಂಡಿಗೆ ಏನು?” ಎಂದು ಕೇಳಿದಾಗ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಬೋರ್ಡುಗಳ ಹೆಸರುಗಳನ್ನು ಪತ್ರದ ಕೊನೆಯಲ್ಲಿ ಬರೆದು ಕಳುಹಿಸಿದ್ದು ಒಳ್ಳೆಯದಾಯಿತು, ಏಕೆಂದರೆ ತೊಡಕು ಇರುವುದು ಅಲ್ಲಿಯೇ. ಯಾವ ಹೊತ್ತಿಗೆ ಏನನ್ನು ತಿನ್ನುತ್ತೇವೆ ಎಂಬುದರ ಮೇಲೆ ನೀವು ಎಲ್ಲವನ್ನೂ ವಿಂಗಡಿಸಿದ್ದೀರಿ. ರಾತ್ರಿ ಹತ್ತು ಗಂಟೆಗೆ ನಿಮ್ಮ ಕೈ ಕಟ್ಟಿಹಾಕುವುದಾದರೋ ಅಕ್ಕಿ ನೆನೆಸಿಲ್ಲ, ಉದ್ದು ರುಬ್ಬಿಲ್ಲ, ಕಾಯಿ ಸುಲಿದಿಟ್ಟಿಲ್ಲ ಎಂಬ ಸಂಗತಿ. ಆದುದರಿಂದ ಯಾವ ತಿಂಡಿ ನಿಮ್ಮಿಂದ ಎಷ್ಟು ಮುಂಚಿತವಾಗಿ ಏನನ್ನು ಬೇಡುತ್ತದೆ ಎಂಬುದರ ಮೇಲೆ ವಿಂಗಡಿಸಿ ನೋಡಿ. ಒಂದು ಬೋರ್ಡಿನೊಳಗೆ ಸೆಕ್ಷನ್‌ಗಳನ್ನು ಮಾಡುವ ಅನುಕೂಲ 2017ರಿಂದಲೂ ಇದೆ. ಮೊದಲ ಸೆಕ್ಷನ್‌ಗೆ ‘ಸಂಜೆಯೇ ರುಬ್ಬಬೇಕು’ ಎಂದು ಹೆಸರಿಟ್ಟು ಇಡ್ಲಿ, ಮೂಡೆ, ಉದ್ದಿನ ದೋಸೆಗಳನ್ನು ಅದರೊಳಗೆ ಹಾಕಿ. ಎರಡನೆಯದಕ್ಕೆ ‘ಮಲಗುವಾಗ ನೆನೆಸಿದರೆ ಸಾಕು’ ಎಂದು ಹೆಸರಿಟ್ಟು, ಹಿಟ್ಟು ಹುಳಿ ಬರಬೇಕಾಗಿಲ್ಲದ ನೀರುದೋಸೆ ಮತ್ತು ಪುಂಡಿಯನ್ನು ಸೇರಿಸಿ. ಮೂರನೆಯದರ ಹೆಸರು ‘ಏನೂ ಮಾಡಿಟ್ಟಿಲ್ಲ’ ಎಂದಿರಲಿ; ಸಜ್ಜಿಗೆ ಅವಲಕ್ಕಿ, ಗೋಧಿ ದೋಸೆ, ರವೆ ರೊಟ್ಟಿ ಅಲ್ಲಿಗೆ ಸಲ್ಲುತ್ತವೆ. ಅತ್ತೆಯವರು ಕೇಳಿದ ಹೊತ್ತಿಗೆ ನೀವು ತೆರೆಯಬಹುದಾದ ಸೆಕ್ಷನ್ ಯಾವುದೆಂದು ಗಡಿಯಾರವೇ ಹೇಳಿಬಿಡುತ್ತದೆ, ಮತ್ತು ಅದರೊಳಗೆ ಆರಿಸಿಕೊಳ್ಳಲು ಇರುವುದು ನಾಲ್ಕೋ ಐದೋ ಚಿತ್ರ.

ನಾಲ್ಕೋ ಐದೋ ಎಂದು ನಾನು ಬೇಕೆಂದೇ ಬರೆದಿದ್ದೇನೆ. ಆ ತಾಣ ಒಂದು ಚಿತ್ರವನ್ನು ಉಳಿಸಿದವರಿಗೆ ಅಂಥದೇ ಇನ್ನಷ್ಟನ್ನು ಮುಂದೊಡ್ಡುತ್ತ ಹೋಗುತ್ತದೆ. ಅದರ ಸಂಪಾದನೆ ನಿಂತಿರುವುದು ಜಾಹೀರಾತಿನ ಮೇಲೆ, ಆದ್ದರಿಂದ ನೀವು ನೋಡುತ್ತಲೇ ಇರುವುದು ಅದಕ್ಕೆ ಬೇಕು. ಒಮ್ಮೆಯೂ ಮಾಡಿ ನೋಡದ ತಿಂಡಿಗಳ ಪಿನ್‌ಗಳನ್ನೆಲ್ಲ ಬೇರೊಂದು ಬೋರ್ಡಿಗೆ ಸಾಗಿಸಿ ಆ ಬೋರ್ಡನ್ನು ‘ಆರ್ಕೈವ್’ ಮಾಡಿಬಿಡಿ. ಅಟ್ಟಕ್ಕೆ ಹಾಕಿದ ಹಿತ್ತಾಳೆ ಪಾತ್ರೆಗಳಂತೆ ಅವು ಕಳೆದುಹೋಗದೆ ಕಣ್ಣಿನಿಂದ ಮಾತ್ರ ಮರೆಯಾಗುತ್ತವೆ. ಅಳಿಸಲು ಮನಸ್ಸು ಬಾರದವರಿಗೆ ಇದೊಂದು ಸಮಾಧಾನ.

ಇನ್ನು ನಾನು ಮುಖ್ಯವೆಂದು ಭಾವಿಸುವ ಮಾತು. ಆ ತಾಣದಲ್ಲಿ ನೀವೇ ತೆಗೆದ ಫೋಟೋವನ್ನೂ ಪಿನ್ ಮಾಡಬಹುದು ಎಂಬುದನ್ನು ಹೆಚ್ಚಿನವರು ಬಳಸಿಕೊಳ್ಳುವುದೇ ಇಲ್ಲ. ಮುಂದಿನ ಸಲ ಅತ್ತೆಯವರು ಪುಂಡಿ ಮಾಡುವಾಗ, ಅಂಗೈಯಲ್ಲಿ ಉಂಡೆ ಕಟ್ಟಿ ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತುತ್ತಿರುವ ಅವರ ಕೈಯ ಚಿತ್ರವೊಂದನ್ನು ತೆಗೆಯಿರಿ. ಅದರ ಕೆಳಗೆ ಬೆಳ್ತಿಗೆ ಅಕ್ಕಿ ಎಷ್ಟು ಕುಡ್ತೆ, ಕಾಯಿ ಎಷ್ಟು, ನೀರು ಯಾವ ಹದಕ್ಕೆ ಕುದಿಯಬೇಕು, ನಿಮ್ಮ ಮನೆಯ ಐದು ಮಂದಿಗೆ ಎಷ್ಟು ಪುಂಡಿ ಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯಿರಿ. ಇಂಥ ಹತ್ತು ಪಿನ್‌ಗಳು ನಿಮ್ಮ ಸಾವಿರ ಪಿನ್‌ಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ, ಏಕೆಂದರೆ ಈವರೆಗೆ ಅತ್ತೆಯವರ ಮತ್ತು ನಿಮ್ಮ ತಲೆಯೊಳಗೆ ಮಾತ್ರ ಇದ್ದ ಲೆಕ್ಕ ಆಗ ಮನೆಯ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀವು ಊರಲ್ಲಿಲ್ಲದ ದಿನ ನಿಮ್ಮ ಪತಿ ಅದನ್ನು ನೋಡಿಕೊಂಡು ಅಕ್ಕಿ ನೆನೆಸಬಲ್ಲರು. ಹೊರದೇಶದ ಪಾಕವಿಧಾನಗಳಿಗೆ ಇಷ್ಟು ಹೊಂದಿಕೊಳ್ಳುವ ಗುಣವಿಲ್ಲ. ಅಲ್ಲಿ 350 ಡಿಗ್ರಿ ಎಂದಿದ್ದರೆ ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಓವನ್‌ನಲ್ಲಿ ಸುಮಾರು 175ಕ್ಕೆ ಇಡಬೇಕು ಎಂಬುದು ಕೇಕು ಸುಟ್ಟ ಮೇಲೆ ತಿಳಿಯುತ್ತದೆ.

ನಿಮ್ಮದು ಮೀನು ತಿನ್ನುವ ಮನೆಯೆಂದು ಬರೆದಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಆ ಎರಡು ತಿಂಗಳು ಮಾರುಕಟ್ಟೆಯಲ್ಲಿ ಮೀನು ಕಡಿಮೆ, ಬೆಲೆ ಹೆಚ್ಚು. ಮಧ್ಯಾಹ್ನದ ಪದಾರ್ಥಕ್ಕೆ ಏನು ಎಂಬ ಚಿಂತೆ ಆಗ ಇಮ್ಮಡಿಯಾಗುತ್ತದೆ. ಹುರುಳಿ ಸಾರು, ಒಣಮೀನಿನ ಚಟ್ನಿ, ಬಸಳೆ ಗಸಿ, ಹಲಸಿನ ಬೀಜ ಹಾಕಿದ ಸೌತೆಕಾಯಿ ಹುಳಿ, ಆಟಿಯ ಹೊತ್ತಿಗೆ ಪತ್ರೊಡೆ ಇವಿಷ್ಟನ್ನು ‘ಮೀನಿಲ್ಲದ ಎರಡು ತಿಂಗಳು’ ಎಂಬ ಪ್ರತ್ಯೇಕ ಬೋರ್ಡಿನಲ್ಲಿಟ್ಟು, ಆಗಸ್ಟಿನಲ್ಲಿ ಆರ್ಕೈವ್ ಮಾಡಿ, ಮುಂದಿನ ಮೇ ಕೊನೆಯಲ್ಲಿ ಮರಳಿ ಹೊರತೆಗೆಯಿರಿ.

ಪ್ರಶ್ನೆ: ಮಗಳ ಬುತ್ತಿ, ಸಮವಸ್ತ್ರ, ಶಾಲೆಯ ಗುರುತಿನ ಚೀಟಿ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿಟ್ಟರೆ ತೊಂದರೆಯಿದೆಯೇ? ಹನ್ನೊಂದು ವರ್ಷದ ಅವಳಿಗೂ ಖಾತೆ ಮಾಡಿಕೊಡಬಹುದೇ? (ತಾಯಿ, ಕಂಕನಾಡಿ)

ಉತ್ತರ: ಗುರುತಿನ ಚೀಟಿ ಬೇಡ. ಬೋರ್ಡು ಸಾಮಾನ್ಯವಾಗಿ ಎಲ್ಲರಿಗೂ ಕಾಣುವಂಥದು. ಮಗಳ ಚಿತ್ರವಿರುವುದನ್ನು 2012ರಿಂದ ಲಭ್ಯವಿರುವ ‘ಸೀಕ್ರೆಟ್ ಬೋರ್ಡ್’ ಆಗಿ ಮಾಡಿದರೆ ನೀವೂ ನೀವು ಕರೆದವರೂ ಮಾತ್ರ ನೋಡಬಹುದು. ಕಾಗದಪತ್ರಗಳಿಗೆ ಸರಕಾರದ ಡಿಜಿಲಾಕರ್ ಇದೆ. ಪಿಂಟರೆಸ್ಟ್ ಖಾತೆಗೆ ಕನಿಷ್ಠ 13 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಅವಳು ನಿಮ್ಮ ಪಕ್ಕದಲ್ಲಿ ಕುಳಿತು ನಿಮ್ಮ ಫೋನಿನಲ್ಲೇ ಆರಿಸಲಿ.

ಪ್ರಶ್ನೆ: ಸುರತ್ಕಲ್ಲಿನವನು ನಾನು. ಮನೆಯ ಎಲ್ಲ ವಿಷಯಗಳಿಗೂ ವಾಟ್ಸ್ಯಾಪ್ ಗುಂಪು ಇದೆ. ಈಗ ಪತ್ನಿ ನನ್ನನ್ನು ಮೂರು ಬೋರ್ಡುಗಳಿಗೆ ಸೇರಿಸಿದ್ದಾಳೆ. ಅವಳಿಗೆ ಸಹಾಯ ಮಾಡಬೇಕೆಂಬ ಮನಸ್ಸು ನನಗಿದೆ, ಆದರೆ ಒಂದು ಇರುವಾಗ ಇನ್ನೊಂದು ಏಕೆ?

ಉತ್ತರ: ವಾಟ್ಸ್ಯಾಪ್‌ನಲ್ಲಿ ಸೋಮವಾರ ಕಳುಹಿಸಿದ ಚಿತ್ರ ಗುರುವಾರದ ಹೊತ್ತಿಗೆ ಶುಭೋದಯದ ಹೂವುಗಳ ಅಡಿಯಲ್ಲಿ ಹೂತುಹೋಗಿರುತ್ತದೆ, ಬೋರ್ಡಿನಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಪೇಟೆಯಿಂದ ತರುವ ಸಾಮಾನಿಗೆ ಇದು ಎಷ್ಟು ಉಪಯುಕ್ತವೆಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಹುಳಿಗೆ ಮಟ್ಟುಗುಳ್ಳ ತನ್ನಿ ಎಂದರೆ ಉದ್ದ ಬದನೆ ಬರುತ್ತಿತ್ತು, ಬ್ಯಾಡಗಿ ಮೆಣಸು ಎಂದರೆ ಬಾಯಿ ಉರಿಯುವ ಗುಂಟೂರು ಬರುತ್ತಿತ್ತು, ಹರಿವೆ ಎಂದರೆ ಪಾಲಕ್ ಬರುತ್ತಿತ್ತು. ಈಗ ಅವುಗಳ ಒಂದೊಂದು ಫೋಟೋ ‘ಸಂತೆ’ ಎಂಬ ಬೋರ್ಡಿನಲ್ಲಿದೆ. ಅಂಗಡಿಯವರ ಮುಂದೆ ಫೋನ್ ಹಿಡಿದರೆ ಕೆಲಸ ಮುಗಿಯಿತು. ಬೋರ್ಡು ಯಾವುದನ್ನೂ ಹೊತ್ತಿಗೆ ಸರಿಯಾಗಿ ಎಚ್ಚರಿಸುವುದಿಲ್ಲ, ಆದ್ದರಿಂದ ಶುಲ್ಕ ಕಟ್ಟುವ ದಿನ, ಲಸಿಕೆಯ ದಿನಗಳಿಗೆ ಫೋನಿನ ಕ್ಯಾಲೆಂಡರನ್ನೋ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೋ ನಂಬುವುದು ಲೇಸು.

ಇನ್ನೊಂದು ಮಾತು, ಬೇಸರಿಸಬೇಡಿ. ನೀವು ‘ಸಹಾಯ’ ಎಂದು ಬರೆದಿದ್ದೀರಿ. ನಿಮ್ಮ ಪತ್ನಿ ನಿಮ್ಮನ್ನು ಬೋರ್ಡಿಗೆ ಸೇರಿಸಿದ್ದು ನೋಡುಗನಾಗಿ ಇರಲೆಂದಲ್ಲವೆಂದು ನನ್ನ ಊಹೆ. ಸೇರಿಸಿಕೊಂಡವರೆಲ್ಲರೂ ಅದರಲ್ಲಿ ಪಿನ್ ಹಾಕಬಹುದು. ವಾರದ ಎರಡು ರಾತ್ರಿಯ ಊಟವನ್ನು ನೀವೇ ಆರಿಸಿ, ಅದಕ್ಕೆ ಬೇಕಾದದ್ದನ್ನು ತಂದು, ಮಾಡಿ ಬಡಿಸಿ. ಆರಿಸುವ ತಲೆನೋವು ಅವರದಾಗಿಯೇ ಉಳಿದು, ತರುವ ಕೆಲಸ ಮಾತ್ರ ನಿಮ್ಮದಾದರೆ ಅವರ ಹೊರೆ ಹೆಚ್ಚೇನೂ ಇಳಿದಂತಾಗುವುದಿಲ್ಲ.

ಪ್ರಶ್ನೆ: ಬಾಗಿಲ ಬಳಿ ಮಕ್ಕಳ ಚೀಲ, ಛತ್ರಿ, ಶೂಗಳಿಗೆ ಒಂದು ಅಚ್ಚುಕಟ್ಟಾದ ಮೂಲೆ ಮಾಡಬೇಕೆಂದು ಬಹಳ ಚಿತ್ರಗಳನ್ನು ಉಳಿಸಿದ್ದೇನೆ. ಮರದ ಬೆಂಚು, ಅದರಡಿ ಬೆತ್ತದ ಬುಟ್ಟಿಗಳು ಇರುವುದು ತುಂಬಾ ಹಿಡಿಸಿದೆ. ಮಾಡಿಸಬಹುದೇ? (ಓದುಗರು, ಬಿಜೈ)

ಉತ್ತರ: ನಾನು ಮಾಡಿಸಿದ್ದೆ, ಆದ್ದರಿಂದ ಧೈರ್ಯವಾಗಿ ಬೇಡವೆನ್ನುತ್ತೇನೆ. ಚಿತ್ರದಲ್ಲಿ ಇದ್ದಂತೆಯೇ ಬೆಂಚು, ಬುಟ್ಟಿ, ಸಾಲಾಗಿ ಕೊಕ್ಕೆ. ಮೇ ತಿಂಗಳಲ್ಲಿ ಬಂದವರೆಲ್ಲ ಹೊಗಳಿದರು. ಜುಲೈ ಮಧ್ಯಕ್ಕೆ ಒಂದು ಬುಟ್ಟಿಯನ್ನು ಎಳೆದಾಗ ಒಳಗಿನ ಕಪ್ಪು ಶೂ ಬೂದುಹಸಿರು ಬಣ್ಣಕ್ಕೆ ತಿರುಗಿ ಮೃದುವಾಗಿ ನಯವೆದ್ದಿತ್ತು. ಬೆಂಚಿನ ಅಡಿಭಾಗವೂ ಬೂಷ್ಟು ಹಿಡಿದಿತ್ತು. ಆ ಚಿತ್ರಗಳು ಬಹುಮಟ್ಟಿಗೆ ಗಾಳಿ ಒಣಗಿರುವ, ಮನೆ ಬೆಚ್ಚಗಿಡುವ ದೇಶಗಳವು. ನಮ್ಮ ಜಿಲ್ಲೆಯಲ್ಲಾದರೆ ವರ್ಷಕ್ಕೆ 3,500 ಮಿ.ಮೀ.ಗಿಂತಲೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮಕ್ಕಳು ಶಾಲೆಯಿಂದ ಬರುವುದೇ ತೊಯ್ದುಕೊಂಡು. ಒದ್ದೆಯಾದದ್ದನ್ನು ಮುಚ್ಚಿಡುವ ಯಾವ ಏರ್ಪಾಡೂ ಇಲ್ಲಿ ನಡೆಯುವುದಿಲ್ಲ.

ಚಿತ್ರದಿಂದ ತೆಗೆದುಕೊಳ್ಳಬೇಕಾದದ್ದು ಒಬ್ಬೊಬ್ಬರಿಗೆ ಒಂದೊಂದು ಜಾಗ ಎಂಬ ಕ್ರಮವನ್ನು ಮಾತ್ರ. ಕೊಕ್ಕೆಗಳು ಮಕ್ಕಳ ಭುಜದ ಎತ್ತರಕ್ಕಿರಲಿ, ಸ್ಟೀಲಿನವಾದರೆ ತುಕ್ಕಿನ ಭಯ ಕಡಿಮೆ. ಬೆಂಚಿನ ಬದಲು ನಾಲ್ಕೂ ಬದಿಯಲ್ಲಿ ಗಾಳಿಯಾಡುವ ಪ್ಲಾಸ್ಟಿಕ್ ಅಥವಾ ಸ್ಟೀಲು ಸ್ಟ್ಯಾಂಡು ಇಡಿ. ಛತ್ರಿಗೆ ಅಂಗಳದ ಕಡೆ ತೂತಿರುವ ಬಕೆಟ್ಟು ಸಾಕು. ಸಮವಸ್ತ್ರಕ್ಕೆ ಫ್ಯಾನಿನ ಕೆಳಗೆ ಒಂದು ಹಗ್ಗ. ಶೂಗಳೊಳಗೆ ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ತುರುಕಿ, ಮಲಗುವ ಮುನ್ನ ಆ ಒದ್ದೆ ಉಂಡೆಗಳನ್ನು ತೆಗೆದು ಒಣಗಿದವನ್ನು ಹಾಕಿ. ಈ ಎರಡನೆಯ ಸಲದ್ದನ್ನು ಮರೆತರೆ ಮೊದಲಿನದು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಈ ಕೆಲಸ ಎಂಟು ವರ್ಷದ ಮಗನದು. ಅವನೇ ತೆಗೆದ ಫೋಟೋ ‘ಮಳೆಗಾಲ’ ಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಇದೆ, ಸ್ವಲ್ಪ ಓರೆಯಾಗಿ, ಒಂದು ಮೂಲೆಯಲ್ಲಿ ಅವನ ಹೆಬ್ಬೆರಳೂ ಸೇರಿ.